ಪಟ್ಟಿ ಬರೆದ ಕವಿಯ ಪಕ್ಷದಲ್ಲಿ

೧

ಪಾಂಡಿತ್ಯವು ಕಾವ್ಯದ ಶತ್ರುವೆಂಬ ಮಾತು ನಮ್ಮ ಸಾಹಿತ್ಯಗೋಷ್ಠಿಗಳಲ್ಲಿ ಸ್ವಯಂಸಿದ್ಧ ಸತ್ಯದ ಪದವಿಗೇರಿ ಬಹಳ ಕಾಲವಾಯಿತು. ವೇದಿಕೆಯ ಮೇಲಿನ ಹಿರಿಯರೊಬ್ಬರು ‘ಇವರು ಬರಿಯ ಪಂಡಿತರಲ್ಲ, ಕವಿಗಳು’ ಎಂದರೆ ಸಭೆ ಚಪ್ಪಾಳೆ ತಟ್ಟುತ್ತದೆ. ‘ಇವರು ಕವಿಗಳೇನಲ್ಲ, ಪಂಡಿತರು’ ಎಂದರೆ ಸಭೆ ಮುಗುಳ್ನಗುತ್ತದೆ. ಆ ಚಪ್ಪಾಳೆ ಮತ್ತು ಈ ಮುಗುಳ್ನಗೆ ಎರಡೂ ಒಂದೇ ಅಜ್ಞಾನದ ಸಂತಾನವೆಂಬುದು ಪ್ರಸ್ತುತ ಲೇಖನದ ವಾದ. ಕನ್ನಡದ ಕವಿಗಳನ್ನೇ ನಿದರ್ಶನವಾಗಿ ಎತ್ತಿಕೊಂಡರೆ ಊರು, ಪಂಥ, ಗುರುಪರಂಪರೆಗಳ ಪಕ್ಷಪಾತ ತಕ್ಷಣ ಅಡ್ಡ ಬರುತ್ತದೆ. ಆದ್ದರಿಂದ ನಮ್ಮಲ್ಲಿ ಯಾರಿಗೂ ನೆಂಟನಲ್ಲದ, ಯಾರಿಗೂ ವೈರಿಯಲ್ಲದ ಒಬ್ಬನನ್ನು ಸಾಕ್ಷಿಯ ಕಟ್ಟೆಗೆ ಕರೆಯುತ್ತೇನೆ. ಆತ ಕ್ರಿ.ಪೂ. ಮೂರನೆಯ ಶತಮಾನದ ಗ್ರೀಕ್ ಕವಿ ಕ್ಯಾಲಿಮಾಕಸ್.

ಗ್ರೀಕರೆಂದರೆ ನಮಗೆ ಹೋಮರ್, ಮತ್ತೆ ರುದ್ರನಾಟಕಕಾರರು. ಬಿ.ಎಂ.ಶ್ರೀ.ಯವರ ದೆಸೆಯಿಂದ ಈಸ್ಕಿಲಸ್ ಮತ್ತು ಸೋಫೋಕ್ಲೀಸ್ ಕನ್ನಡದ ಅಂಗಳಕ್ಕೆ ಬಂದರು; ಪ್ಲೇಟೋ, ಅರಿಸ್ಟಾಟಲ್ ಕಾಲೇಜಿನ ಬಾಗಿಲಿನಿಂದ ಬಂದರು. ಅಲೆಕ್ಸಾಂಡರನ ಮರಣಾನಂತರದ ಗ್ರೀಕ್ ಸಾಹಿತ್ಯ ಮಾತ್ರ ಹೊಸ್ತಿಲ ಹೊರಗೇ ಉಳಿಯಿತು. ಅದಕ್ಕೆ ಕಾರಣವಿದೆ. ನಾವು ಗ್ರೀಕರನ್ನು ಓದಿದ್ದು ಇಂಗ್ಲಿಷಿನ ಮೂಲಕ. ಹತ್ತೊಂಬತ್ತನೆಯ ಶತಮಾನದ ಯುರೋಪಿಯನ್ ವಿಮರ್ಶೆಯಲ್ಲಿ ‘ಅಲೆಕ್ಸಾಂಡ್ರಿಯನ್’ ಎಂಬ ವಿಶೇಷಣ ಹೆಚ್ಚುಕಡಿಮೆ ಒಂದು ಬೈಗುಳ: ಉಸಿರು ಕಳೆದುಕೊಂಡ, ಪುಸ್ತಕದ ಧೂಳು ತಿಂದ, ಅಲಂಕಾರವೇ ಆತ್ಮವಾದ ಕಾವ್ಯವೆಂದು ಅದರ ಅರ್ಥ. ಇಂಗ್ಲಿಷಿನಿಂದ ನಾವು ಪುಸ್ತಕಗಳನ್ನು ಎರವಲು ತಂದಾಗ ಬೈಗುಳವನ್ನೂ ತಂದೆವು. ಪುಸ್ತಕಗಳನ್ನು ಹಿಂದಿರುಗಿಸಿದೆವೇನೋ, ಬೈಗುಳ ನಮ್ಮಲ್ಲೇ ಉಳಿಯಿತು.

ಈ ಕವಿಯ ಮೇಲಿನ ಆರೋಪಗಳು ನಾಲ್ಕು. ಒಂದು, ಆತ ಒಣಪಂಡಿತ. ಎರಡು, ಆತನಲ್ಲಿ ಕಲೆಯಿತ್ತು, ಪ್ರತಿಭೆಯಿರಲಿಲ್ಲ. ಮೂರು, ಆತ ಮಹಾಕಾವ್ಯದ ದ್ವೇಷಿ, ಸಣ್ಣದರ ಉಪಾಸಕ. ನಾಲ್ಕು, ಆತ ಅರಮನೆಯ ಊಳಿಗದವನು. ಒಂದೊಂದನ್ನೂ ವಿಚಾರಣೆಗೆ ತೆಗೆದುಕೊಳ್ಳೋಣ. ಅದಕ್ಕೆ ಮುನ್ನ ಆರೋಪಿಯ ಪರಿಚಯ ಅಗತ್ಯ.

೨

ಇಂದಿನ ಲಿಬಿಯಾದ ಪೂರ್ವಭಾಗದಲ್ಲಿದ್ದ ಸೈರೀನ್ ಎಂಬ ಗ್ರೀಕ್ ವಸಾಹತಿನಲ್ಲಿ, ಸುಮಾರು ಕ್ರಿ.ಪೂ. ೩೧೦ರಲ್ಲಿ ಕ್ಯಾಲಿಮಾಕಸ್ ಹುಟ್ಟಿದ. ಆ ಊರನ್ನು ಸ್ಥಾಪಿಸಿದ ಬ್ಯಾಟಸ್ ತನ್ನ ವಂಶದ ಮೂಲಪುರುಷನೆಂಬ ಅಭಿಮಾನ ಆತನಿಗಿತ್ತು. ಆದರೆ ಮೊದಲ ಉದ್ಯೋಗ ಅಭಿಮಾನಪಡುವಂಥದೇನಲ್ಲ: ಅಲೆಕ್ಸಾಂಡ್ರಿಯದ ಹೊರವಲಯದ ಎಲೂಸಿಸ್ ಎಂಬ ಹಳ್ಳಿಯಲ್ಲಿ ಹುಡುಗರಿಗೆ ವ್ಯಾಕರಣ ಕಲಿಸುತ್ತಿದ್ದನೆಂದು ಬೈಜಾಂಟಿಯಂನ ‘ಸೂಡ’ ಎಂಬ ಕೋಶ ಹೇಳುತ್ತದೆ. ಮುಂದೆ ಎರಡನೆಯ ಟಾಲೆಮಿಯ ಮತ್ತು ಆತನ ಮಗ ಮೂರನೆಯ ಟಾಲೆಮಿಯ ಆಶ್ರಯ ದೊರೆತು, ಅಲೆಕ್ಸಾಂಡ್ರಿಯದ ಪ್ರಸಿದ್ಧ ಗ್ರಂಥಭಂಡಾರದಲ್ಲಿ ಜೀವಮಾನವನ್ನು ಸವೆಸಿದ. ಸುಮಾರು ಕ್ರಿ.ಪೂ. ೨೪೦ರ ಹೊತ್ತಿಗೆ ತೀರಿಕೊಂಡ.

ಗ್ರಂಥಭಂಡಾರದ ಮುಖ್ಯಸ್ಥನ ಹುದ್ದೆ ಆತನಿಗೆ ದೊರೆಯಲಿಲ್ಲವೆಂಬುದನ್ನು ಸರಕಾರಿ ನೌಕರಿಯಲ್ಲಿರುವ ಓದುಗರು ವಿಶೇಷವಾಗಿ ಗಮನಿಸಬೇಕು. ಈಜಿಪ್ಟಿನಲ್ಲಿ ದೊರೆತ ಪಪೈರಸ್ ಹಾಳೆಯೊಂದರಲ್ಲಿ ಮುಖ್ಯಸ್ಥರ ಹೆಸರುಗಳು ಸಾಲಾಗಿವೆ. ಆತನ ಶಿಷ್ಯರೆಂದು ಪರಂಪರೆ ಹೇಳುವ ಅಪೊಲೋನಿಯಸ್ ಮತ್ತು ಎರಟೋಸ್ತನೀಸ್ ಅಲ್ಲಿದ್ದಾರೆ; ಆತನಿಲ್ಲ. ಕುರ್ಚಿ ಒಬ್ಬರದು, ಕೆಲಸ ಇನ್ನೊಬ್ಬರದು ಎಂಬ ವ್ಯವಸ್ಥೆ ಕೇಂದ್ರ ಸಚಿವಾಲಯಗಳ ಆವಿಷ್ಕಾರವಲ್ಲವೆಂದು ತಿಳಿದು ನಮ್ಮಲ್ಲಿ ಕೆಲವರಿಗಾದರೂ ಸಮಾಧಾನವಾದೀತು.

ಆ ಕೆಲಸವಾದರೂ ಯಾವುದು? ‘ಪಿನಾಕೆಸ್’, ಅಂದರೆ ಫಲಕಗಳು ಅಥವಾ ಪಟ್ಟಿಗಳು ಎಂಬ ಹೆಸರಿನ, ೧೨೦ ಸುರುಳಿಗಳ ಗ್ರಂಥಸೂಚಿ. ಗ್ರೀಕ್ ಭಾಷೆಯಲ್ಲಿ ಬರೆದವರೆಲ್ಲರನ್ನೂ ವಿಷಯವಾರು ವರ್ಗಗಳಲ್ಲಿ ಹಂಚಿ, ಒಬ್ಬೊಬ್ಬನ ತಂದೆಯ ಹೆಸರು, ಊರು, ಗುರು ಯಾರೆಂಬ ವಿವರ, ಕೃತಿಗಳ ಹೆಸರು, ಪ್ರತಿ ಕೃತಿಯ ಮೊದಲ ಮಾತುಗಳು, ಒಟ್ಟು ಸಾಲುಗಳ ಸಂಖ್ಯೆ, ಇವುಗಳನ್ನು ನಮೂದಿಸುವ ಮಹಾಯತ್ನವದು. ಮೊದಲ ಮಾತುಗಳೇಕೆ? ಒಂದೇ ಹೆಸರಿನ ಹತ್ತು ಕೃತಿಗಳಿದ್ದಾಗ, ಹೆಸರೇ ಇಲ್ಲದ ಸುರುಳಿಗಳಿದ್ದಾಗ, ಇದು ಅದೇ ಎಂದು ಗುರುತಿಸಲು. ಸಾಲುಗಳ ಸಂಖ್ಯೆ ಏಕೆ? ಯಾರಾದರೂ ಕತ್ತರಿಸಿದರೆ ಅಥವಾ ಸೇರಿಸಿದರೆ ತಿಳಿಯಲು. ಆತನ ಪಟ್ಟಿಯಿಂದ ಉಳಿದಿರುವ ತುಣುಕೊಂದರಲ್ಲಿ, ಖೈರೆಫೋನ್ ಎಂಬಾತ ಔತಣದ ವಿಷಯವಾಗಿ ಬರೆದ ಸಣ್ಣ ಕೃತಿಯೊಂದರ ಆರಂಭದ ಮಾತುಗಳೂ, ಅದರಲ್ಲಿ ೩೭೫ ಸಾಲುಗಳಿವೆಯೆಂಬ ಲೆಕ್ಕವೂ ಇವೆ. ಇನ್ನೊಂದು ತುಣುಕಿನಲ್ಲಿ ಸಿಹಿತಿಂಡಿಗಳನ್ನು ಮಾಡುವ ವಿಧಾನದ ಮೇಲೆ ಪುಸ್ತಕ ಬರೆದ ನಾಲ್ವರ ಹೆಸರುಗಳಿವೆ. ಹೋಮರನಿಗೆ ಸಲ್ಲುವ ಕ್ರಮವೇ ಭಕ್ಷ್ಯ ಮಾಡುವವನ ಪುಸ್ತಕಕ್ಕೂ ಸಲ್ಲಬೇಕೆಂಬ ಈ ನಿಷ್ಪಕ್ಷಪಾತವನ್ನು ಒಣಪಾಂಡಿತ್ಯವೆನ್ನುವವರು ಪ್ರಜಾಸತ್ತೆಯ ಬಗ್ಗೆ ಭಾಷಣ ಮಾಡುವುದನ್ನು ನಿಲ್ಲಿಸಬೇಕು.

೩

ಈಗ ಮೊದಲ ಆರೋಪ. ಪಟ್ಟಿ ಬರೆಯುವ ಕೈ ಕಾವ್ಯ ಬರೆದರೆ ಅದೂ ಪಟ್ಟಿಯೇ ಆಗುತ್ತದೆಯೆಂಬುದು ಜನಜನಿತ ಅಭಿಪ್ರಾಯ. ಪರೀಕ್ಷಿಸೋಣ.

ಆತನ ‘ಹೆಕಲೆ’ ಎಂಬ ಕಥನಕಾವ್ಯದ ವಸ್ತು ಹೀಗಿದೆ. ಮಾರಥಾನಿನ ಗೂಳಿಯನ್ನು ಹಿಡಿಯಲು ಹೊರಟ ವೀರ ಥೀಸಿಯಸ್ ಬಿರುಮಳೆಗೆ ಸಿಕ್ಕಿ ಹೆಕಲೆ ಎಂಬ ಬಡ ಮುದುಕಿಯ ಗುಡಿಸಲನ್ನು ಹೊಗುತ್ತಾನೆ. ಆಕೆ ಇದ್ದುದರಲ್ಲೇ ಉಪಚರಿಸುತ್ತಾಳೆ: ಒಲೆ ಉರಿಸುತ್ತಾಳೆ, ಕಾಲು ತೊಳೆಯಲು ನೀರು ಕೊಡುತ್ತಾಳೆ, ರೊಟ್ಟಿ, ಆಲಿವ್, ಸೊಪ್ಪುಗಳನ್ನು ಮುಂದಿಡುತ್ತಾಳೆ. ಮರುದಿನ ಗೂಳಿಯನ್ನು ಗೆದ್ದು ವೀರ ಹಿಂದಿರುಗಿದಾಗ ಮುದುಕಿ ತೀರಿಕೊಂಡಿರುತ್ತಾಳೆ. ಆಕೆಯ ಹೆಸರಿನಲ್ಲಿ ಆತ ಒಂದು ಊರನ್ನೂ ಒಂದು ದೇವಸ್ಥಾನವನ್ನೂ ಸ್ಥಾಪಿಸುತ್ತಾನೆ. ವೀರಗಾಥೆಯ ಹೆಸರು ವೀರನದಾಗಬೇಕಿತ್ತು. ಕವಿ ಅದನ್ನು ಮುದುಕಿಗೆ ಕೊಟ್ಟ. ಗೂಳಿಯೊಡನೆ ಕಾದಾಟಕ್ಕಿಂತ ಗುಡಿಸಲಿನ ಒಂದು ರಾತ್ರಿ ಆತನಿಗೆ ಮುಖ್ಯವಾಯಿತು. ವಿದುರನ ಮನೆಯಲ್ಲಿ ಕೃಷ್ಣ ಉಂಡದ್ದನ್ನು ಕೇಳಿ ಬೆಳೆದ ನಮಗೆ ಇದರ ರುಚಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಗುಡಿಸಲಿನ ಮಡಕೆ, ಬುಟ್ಟಿ, ಸೌದೆಗಳಿಗೆ ಅಟ್ಟಿಕದ ಹಳ್ಳಿಗರು ಬಳಸುತ್ತಿದ್ದ ಅಪೂರ್ವ ಪದಗಳನ್ನು ಕವಿ ಎಲ್ಲಿಂದ ತಂದ? ಗ್ರಂಥಭಂಡಾರದಿಂದ. ಅಲ್ಲಿ ಪಾಂಡಿತ್ಯ ಹೃದಯಕ್ಕೆ ಅಡ್ಡಬರಲಿಲ್ಲ. ಹೃದಯಕ್ಕೆ ಬೇಕಾದ ಪದಗಳನ್ನು ಹೊತ್ತು ತಂದಿತು.

ಇನ್ನು ‘ಐಟಿಯ’, ಅಂದರೆ ‘ಕಾರಣಗಳು’ ಎಂಬ, ನಾಲ್ಕು ಭಾಗಗಳ ಕೃತಿ. ಇಂಥ ಊರಿನಲ್ಲಿ ಇಂಥ ದೇವತೆಗೆ ಕೊಳಲೂ ಹೂಮಾಲೆಯೂ ಇಲ್ಲದೆ ಏಕೆ ಬಲಿ ಕೊಡುತ್ತಾರೆ, ಇಂಥ ಆಚರಣೆಯಲ್ಲಿ ಬೈಗುಳವೇಕೆ ವಿಧಿ, ಎಂದು ಮುಂತಾಗಿ ಕೇಳುತ್ತ, ಒಂದೊಂದಕ್ಕೂ ಕತೆ ಹೇಳುತ್ತ ಹೋಗುವ ಕಾವ್ಯ. ಅದರಲ್ಲಿ ಅಕಾಂಟಿಯಸ್ ಮತ್ತು ಸಿಡಿಪಿಯರ ಪ್ರೇಮಕಥೆಯಿದೆ: ಹುಡುಗನೊಬ್ಬ ಹಣ್ಣಿನ ಮೇಲೆ ಪ್ರತಿಜ್ಞಾವಾಕ್ಯ ಬರೆದು ಹುಡುಗಿಯತ್ತ ಉರುಳಿಸುತ್ತಾನೆ, ಆಕೆ ದೇವಸ್ಥಾನದಲ್ಲಿ ಅದನ್ನು ಗಟ್ಟಿಯಾಗಿ ಓದಿ ತಾನೇ ಆಣೆಗೆ ಸಿಕ್ಕಿಬೀಳುತ್ತಾಳೆ. ಕತೆಯನ್ನು ಮುಗಿಸುವಾಗ ಕವಿ, ಇದನ್ನು ತಾನು ಕಿಯೋಸ್ ದ್ವೀಪದ ಚರಿತ್ರೆ ಬರೆದ ಹಳೆಯ ಕ್ಸೆನೊಮೆಡಿಸನಿಂದ ಪಡೆದೆನೆಂದು ಕಾವ್ಯದೊಳಗೇ ತಿಳಿಸುತ್ತಾನೆ. ಪ್ರೇಮಕಾವ್ಯದಲ್ಲಿ ಆಕರದ ಋಣವನ್ನು ಸ್ಮರಿಸುವ ಈ ನಡವಳಿಕೆಗೆ ಪಶ್ಚಿಮದ ಕೆಲವು ವಿಮರ್ಶಕರು ನಕ್ಕಿದ್ದಾರೆ. ಮೂಲದಲ್ಲಿಲ್ಲದ್ದನ್ನು ಬರೆಯೆನೆಂಬ ವ್ರತ ತೊಟ್ಟ ಮಲ್ಲಿನಾಥನ ನಾಡಿನವರಾದ ನಾವು ನಗಬೇಕಾಗಿಲ್ಲ. ಕದ್ದು ಬರೆದು ‘ಸ್ಫೂರ್ತಿ’ ಎನ್ನುವ ಕಾಲದಲ್ಲಿ ಇದು ಕವಿಧರ್ಮದ ಪಾಠ.

ಹೃದಯವಿಲ್ಲದವನೆಂಬವರು ಆತ ಹೆರಾಕ್ಲಿಟಸ್ ಎಂಬ ಗೆಳೆಯನ ಸಾವಿನ ಸುದ್ದಿ ಕೇಳಿ ಬರೆದ ಪದ್ಯವನ್ನು ಓದಬೇಕು. ಇಬ್ಬರೂ ಮಾತಾಡುತ್ತ ಕುಳಿತಾಗ ಎಷ್ಟೋ ಸಲ ಸೂರ್ಯ ಮುಳುಗಿದ್ದ ನೆನಪು, ಗೆಳೆಯನ ದೇಹ ಬೂದಿಯಾದರೂ ಆತನ ಹಾಡುಗಳಿಗೆ ಸಾವು ಕೈಹಚ್ಚದೆಂಬ ನಂಬಿಕೆ, ಇಷ್ಟೇ ಅದರ ಸಾರ. ಮೂಲದಲ್ಲಿ ಆರೇ ಸಾಲು. ಹತ್ತೊಂಬತ್ತನೆಯ ಶತಮಾನದಲ್ಲಿ ವಿಲಿಯಂ ಕೋರಿ ಮಾಡಿದ ಇಂಗ್ಲಿಷ್ ಅನುವಾದವನ್ನು ನಮ್ಮ ಹಿಂದಿನ ತಲೆಮಾರಿನ ಬಿ.ಎ. ಪದವೀಧರರಲ್ಲಿ ಎಷ್ಟೋ ಮಂದಿ ಬಾಯಿಪಾಠ ಮಾಡಿದ್ದರು, ಮೂಲಕವಿ ಯಾರೆಂದು ಕೇಳದೆ.

೪

ಎರಡನೆಯ ಆರೋಪ ಪುರಾತನವಾದದ್ದು. ರೋಮಿನ ಓವಿಡನೇ, ಕ್ಯಾಲಿಮಾಕಸ್ಸನ ಹಿರಿಮೆ ಪ್ರತಿಭೆಯಲ್ಲಿಲ್ಲ, ಕಲೆಯಲ್ಲಿದೆ ಎಂಬ ಅರ್ಥದ ತೀರ್ಪನ್ನು ಕೊಟ್ಟುಬಿಟ್ಟ. ತಮಾಷೆಯೆಂದರೆ, ತೀರ್ಪು ಕೊಟ್ಟ ನ್ಯಾಯಾಧೀಶನೇ ಆರೋಪಿಯ ಮನೆಯಲ್ಲಿ ಜೀವನಪರ್ಯಂತ ಉಂಡವನು. ಆತನ ‘ಫಾಸ್ಟಿ’ ಐಟಿಯದ ಮಾದರಿಯಲ್ಲಿ ಹುಟ್ಟಿದ ಕಾವ್ಯ. ದೇವತೆಗಳನ್ನು ಬಡತನದಲ್ಲೂ ಸತ್ಕರಿಸುವ ಬಾಸಿಸ್ ಮತ್ತು ಫಿಲೆಮನ್ ದಂಪತಿಗಳ ಗುಡಿಸಲು ಹೆಕಲೆಯ ಗುಡಿಸಲಿನ ಪಕ್ಕದಲ್ಲೇ ಕಟ್ಟಿದ್ದು. ಓವಿಡ್ ಒಬ್ಬನೇ ಅಲ್ಲ. ಮೂರನೆಯ ಟಾಲೆಮಿ ಯುದ್ಧಕ್ಕೆ ಹೋದಾಗ ರಾಣಿ ಬೆರೆನೀಕೆ ಹರಕೆಯಾಗಿ ಅರ್ಪಿಸಿದ ಮುಡಿ ಕಾಣೆಯಾಗಿ, ಖಗೋಲಜ್ಞ ಕೋನಾನ್ ಅದನ್ನು ಆಕಾಶದಲ್ಲಿ ನಕ್ಷತ್ರಗಳಾಗಿ ಗುರುತಿಸಿದನಷ್ಟೆ, ಕ್ರಿ.ಪೂ. ೨೪೫ರ ಸುಮಾರಿನ ಆ ಪ್ರಸಂಗವನ್ನು ಕ್ಯಾಲಿಮಾಕಸ್ ಮುಡಿಯ ಬಾಯಿಂದಲೇ ಹೇಳಿಸಿದ. ಆ ಪದ್ಯವನ್ನು ಕಟುಲಸ್ ಲ್ಯಾಟಿನ್ನಿಗೆ ತಂದ. ವರ್ಜಿಲನ ಆರನೆಯ ಗೋಪಗೀತೆಯ ಆರಂಭ ಐಟಿಯದ ಪೀಠಿಕೆಯನ್ನು ನೆನೆಯುತ್ತದೆ. ಪ್ರೊಪರ್ಶಿಯಸ್ ತಾನು ರೋಮಿನ ಕ್ಯಾಲಿಮಾಕಸ್ ಆಗಬೇಕೆಂದು ಬಯಸಿದ. ಲ್ಯಾಟಿನ್ ಕಾವ್ಯದ ಸುವರ್ಣಯುಗವೆನ್ನುವ ಯುಗದ ಕವಿಗಳು ಒಬ್ಬ ಪ್ರತಿಭಾಹೀನನ ಹಿಂದೆ ಸಾಲುಗಟ್ಟಿ ನಿಂತರೆಂದು ನಂಬುವುದು ಹೇಗೆ?

ಈ ತೀರ್ಪಿನ ತಳದಲ್ಲಿರುವುದು ಪ್ರತಿಭೆ ಬೇರೆ, ಕಲಿಕೆ ಬೇರೆ ಎಂಬ ವಿಭಜನೆ. ನಮ್ಮ ಆಲಂಕಾರಿಕರು ಇದನ್ನು ಹೆಚ್ಚು ಜಾಣತನದಿಂದ ಬಿಡಿಸಿದರು. ಮಮ್ಮಟನ ಪ್ರಕಾರ ಶಕ್ತಿ, ನಿಪುಣತೆ, ಅಭ್ಯಾಸ ಎಂಬ ಮೂರು ಕೂಡಿ ಕಾವ್ಯಕ್ಕೆ ಒಂದೇ ಕಾರಣ. ಬಿಡಿಬಿಡಿಯಾದ ಮೂರು ಕಾರಣಗಳಲ್ಲ. ಶಾಸ್ತ್ರ ಮತ್ತು ಲೋಕ ಎರಡನ್ನೂ ಬಲ್ಲವನಾಗುವುದು ಕವಿಯ ಅರ್ಹತೆಯ ಭಾಗ. ಇಂಥ ಪರಂಪರೆಯ ವಾರಸುದಾರರು ‘ಓದಿದರೆ ಕವಿತ್ವ ಕೆಡುತ್ತದೆ’ ಎಂಬ ಯುರೋಪಿನ ರಮ್ಯಯುಗದ ಹಳಸಲನ್ನು ಹೊಸ ಅಡಿಗೆಯೆಂದು ಬಡಿಸುವುದು ವಿಪರ್ಯಾಸ. ಓದದಿರುವುದು ಸೋಮಾರಿತನ; ಅದಕ್ಕೆ ‘ಸಹಜಕವಿ’ ಎಂಬ ಬಿರುದು ಬೇಡ.

೫

ಮೂರನೆಯ ಆರೋಪದಲ್ಲಿ ಆತನ ವಿರೋಧಿಗಳಿಗಿಂತ ಅಭಿಮಾನಿಗಳ ತಪ್ಪು ಹೆಚ್ಚು. ದೊಡ್ಡ ಪುಸ್ತಕವೆಂದರೆ ದೊಡ್ಡ ಕೇಡೆಂಬ ಭಾವದ ಒಂದು ಮಾತು ಆತನ ಹೆಸರಿನಲ್ಲಿ ಪ್ರಚಾರದಲ್ಲಿದೆ. ಐದು ಸಾಲಿನ ಚುಟುಕ ಬರೆದವರಿಗೆಲ್ಲ ಅದು ರಕ್ಷಾಕವಚ. ಆದರೆ ಅದು ನಮಗೆ ತಲುಪಿರುವುದು ಐದು ಶತಮಾನಗಳಷ್ಟು ಅನಂತರದ ಅಥೆನಿಯಸ್ಸನ ಮೂಲಕ. ಯಾವ ಸಂದರ್ಭದ ಮಾತೆಂಬುದು ಉಳಿದಿಲ್ಲ. ಅಷ್ಟಕ್ಕೂ ಅದನ್ನಾಡಿದವನು ೧೨೦ ಸುರುಳಿಗಳ ಗ್ರಂಥಸೂಚಿಯನ್ನು ಬರೆದವನು. ೮೦೦ಕ್ಕೂ ಹೆಚ್ಚು ಸುರುಳಿಗಳು ಆತನವೆಂದು ಸೂಡ ಕೋಶ ಲೆಕ್ಕ ಕೊಡುತ್ತದೆ. ನದಿಗಳು, ಹಕ್ಕಿಗಳು, ನಾಡುನಾಡಿನ ತಿಂಗಳ ಹೆಸರುಗಳು, ಇವೆಲ್ಲದರ ಮೇಲೂ ಬರೆದ. ದೊಡ್ಡದು ಬೇಡವೆನ್ನುವವನ ದಿನಚರಿಯಲ್ಲ ಇದು.

ಐಟಿಯದ ಪೀಠಿಕೆಯಲ್ಲಿ ಆತ ಹೇಳುವ ತತ್ತ್ವ ಬೇರೆಯೇ. ತನ್ನ ಮೇಲೆ ಕರುಬುವವರನ್ನು ಟೆಲ್ಖೀನರೆಂಬ ಮತ್ಸರಿ ಮಾಂತ್ರಿಕರಿಗೆ ಹೋಲಿಸಿ, ಕವಿತೆಯ ಬೆಲೆಯನ್ನು ಅದರ ಕುಶಲತೆಯಿಂದ ಕಟ್ಟಿರೇ ಹೊರತು ಭೂಮಿ ಅಳೆಯುವ ಹಗ್ಗದಿಂದಲ್ಲ ಎಂಬ ವಾದ ಹೂಡುತ್ತಾನೆ. ಹಗ್ಗ ಬೇಡವೆಂದರೆ ಉದ್ದವೂ ದೋಷವಲ್ಲ, ಗಿಡ್ಡವೂ ಗುಣವಲ್ಲ. ನೂರು ಪುಟದ ಸುಸ್ತು ಎಷ್ಟು ಸುಸ್ತೋ ನಾಲ್ಕು ಸಾಲಿನ ಸುಸ್ತೂ ಅಷ್ಟೇ. ತೂಕ ನೋಡಿ ಪ್ರಶಸ್ತಿ ಕೊಡುವ ಸಮಿತಿಗಳಿಗೂ, ಗಿಡ್ಡದ್ದನ್ನೆಲ್ಲ ಮಿಂಚೆಂದು ಹೊಗಳುವ ಮುನ್ನುಡಿಕಾರರಿಗೂ ಈ ತತ್ತ್ವ ಏಕಕಾಲಕ್ಕೆ ಮುಜುಗರ ತರಬೇಕು.

‘ಆರ್ಗೊನಾಟಿಕ’ ಎಂಬ ಮಹಾಕಾವ್ಯವನ್ನು ಬರೆದ ಅಪೊಲೋನಿಯಸ್ಸನಿಗೂ ಈತನಿಗೂ ನಡೆದ ಘೋರ ಕದನದ ಕತೆಯನ್ನು ಹಳೆಯ ಪಠ್ಯಪುಸ್ತಕಗಳು ರಂಗಾಗಿ ಹೇಳುತ್ತವೆ. ಅದಕ್ಕೆ ಆಧಾರ ಬಹುತೇಕ ಉತ್ತರಕಾಲೀನ. ಟೆಲ್ಖೀನರು ಯಾರು ಯಾರೆಂದು ವಿವರಿಸುವ ಪ್ರಾಚೀನ ಟಿಪ್ಪಣಿಯೊಂದು ದೊರೆತಿದೆ. ಅದರ ಉಳಿದಿರುವ ಭಾಗದಲ್ಲಿ ಅಪೊಲೋನಿಯಸ್ಸನ ಹೆಸರಿಲ್ಲ. ೧೯೯೫ರಲ್ಲಿ ಅಲನ್ ಕ್ಯಾಮೆರಾನ್ ಈ ಕದನದ ಕತೆಯನ್ನು ಬುಡಸಮೇತ ಅಲುಗಾಡಿಸಿದರು. ಜಗಳದ ಕತೆಗೆ ಸಾಕ್ಷ್ಯ ಕೇಳುವವರು ಎಲ್ಲ ಕಾಲದಲ್ಲೂ ಕಡಿಮೆ. ಆತನೇ ತನ್ನ ಮೊದಲ ವಿಡಂಬನ ಕವಿತೆಯಲ್ಲಿ, ಸತ್ತ ಕವಿ ಹಿಪೊನಾಕ್ಸನನ್ನು ಪಾತಾಳದಿಂದ ಕರೆತಂದು, ಜಗಳಗಂಟ ವಿದ್ವಾಂಸರಿಗೆ ಒಂದು ಕತೆ ಹೇಳಿಸುತ್ತಾನೆ: ಅತ್ಯಂತ ಜ್ಞಾನಿಗೆ ಸಲ್ಲಬೇಕಾದ ಚಿನ್ನದ ಬಟ್ಟಲನ್ನು ಏಳು ಮಂದಿ ಜ್ಞಾನಿಗಳಲ್ಲಿ ಪ್ರತಿಯೊಬ್ಬನೂ ತನಗಿಂತ ಇನ್ನೊಬ್ಬ ಅರ್ಹನೆಂದು ಮುಂದಕ್ಕೆ ದಾಟಿಸಿದ ಕತೆ. ನಮ್ಮ ಶಾಲು, ಹಾರ, ಸ್ಮರಣಿಕೆಗಳ ಕತೆಯನ್ನು ಆತ ಕೇಳಿದ್ದರೆ ಹಿಪೊನಾಕ್ಸ್ ಪಾತಾಳಕ್ಕೆ ಹಿಂದಿರುಗುವುದೇ ಲೇಸೆಂದು ಬಿಡುತ್ತಿದ್ದನೇನೋ.

೬

ನಾಲ್ಕನೆಯ ಆರೋಪಕ್ಕೆ ಬಲವಿದೆ. ಅದನ್ನು ಮುಚ್ಚಿಡುವುದು ವಕೀಲನ ಕೆಲಸವಾದೀತು, ವಿಮರ್ಶಕನದಲ್ಲ. ಆತ ರಾಜರನ್ನು ಹೊಗಳಿದ. ಡೀಲೊಸ್ ದ್ವೀಪದ ಸ್ತೋತ್ರದಲ್ಲಿ, ಇನ್ನೂ ತಾಯಿಯ ಗರ್ಭದಲ್ಲಿರುವ ಅಪೊಲೊ ದೇವನಿಂದ ಟಾಲೆಮಿಯ ಭವಿಷ್ಯವನ್ನು ಹೇಳಿಸಿದ. ತಮ್ಮನನ್ನೇ ಮದುವೆಯಾದ ರಾಣಿ ಆರ್ಸಿನೋಯಿ ಸತ್ತಾಗ ಆಕೆಯನ್ನು ದೈವತ್ವಕ್ಕೇರಿಸಿದ. ಗ್ರಂಥಭಂಡಾರದ ವೆಚ್ಚ ನೈಲ್ ನದಿಯ ರೈತನ ತೆರಿಗೆಯಿಂದ ಬಂತು. ಆ ರೈತನ ಭಾಷೆಗೆ ಆತನ ಪಟ್ಟಿಯಲ್ಲಿ ಜಾಗವಿರಲಿಲ್ಲ. ಇವು ಸಣ್ಣ ವಿಷಯಗಳಲ್ಲ. ಆ ಪಂಡಿತರನ್ನು ಪಂಜರದಲ್ಲಿ ಕಾಳು ತಿಂದು ಕಚ್ಚಾಡುವ ಹಕ್ಕಿಗಳಿಗೆ ಹೋಲಿಸಿ ಸಮಕಾಲೀನನಾದ ಟೈಮನ್ ಎಂಬ ವಿಡಂಬನಕಾರ ಆಗಲೇ ನಕ್ಕಿದ್ದ.

ಆದರೆ ಈ ಆರೋಪವನ್ನು ಹೊರಿಸುವವರು ಒಂದು ಪ್ರಶ್ನೆಗೆ ಉತ್ತರಿಸಲಿ. ಅರಿಕೇಸರಿಯನ್ನು ಅರ್ಜುನನೊಡನೆ ಅಭೇದವಾಗಿಸಿದ ಪಂಪನನ್ನು ಆದಿಕವಿಯೆನ್ನುವ ನಾವು ಯಾವ ಬಾಯಿಂದ ಕ್ಯಾಲಿಮಾಕಸ್ಸನನ್ನು ಹೊಗಳುಭಟ್ಟನೆನ್ನಬೇಕು? ಆಶ್ರಯ ಪಡೆದನೋ ಇಲ್ಲವೋ ಎನ್ನುವುದಕ್ಕಿಂತ, ಪಡೆದ ಆಶ್ರಯದಿಂದ ಏನನ್ನು ಮಾಡಿಟ್ಟು ಹೋದ ಎನ್ನುವುದು ಸರಿಯಾದ ಪ್ರಶ್ನೆ. ಟಾಲೆಮಿಗಳು ಕೊಟ್ಟ ಅನ್ನ ಆ ದಿನವೇ ಜೀರ್ಣವಾಯಿತು. ಲೇಖಕನ ಹೆಸರು, ಊರು, ಕೃತಿ, ಮೊದಲ ಮಾತು, ಗಾತ್ರ ಎಂಬ ನಮೂನೆ ಇಂದಿಗೂ ಜಗತ್ತಿನ ಗ್ರಂಥಾಲಯಗಳ ಸೂಚಿಗಳಲ್ಲಿ ರೂಪ ಬದಲಿಸಿಕೊಂಡು ಬದುಕಿದೆ.

೭

ಆತನ ಪಟ್ಟಿ ಗ್ರಂಥಭಂಡಾರವನ್ನು ಉಳಿಸಲಿಲ್ಲವಲ್ಲ ಎಂದು ಕೇಳಬಹುದು. ನಿಜ, ಪಟ್ಟಿಯೂ ನಾಶವಾಯಿತು. ಆತನದೇ ಕೃತಿಗಳಲ್ಲಿ ಆರು ಸ್ತೋತ್ರಗಳೂ ಅರವತ್ತಕ್ಕೂ ಮಿಕ್ಕ ಕಿರುಪದ್ಯಗಳೂ ಮಾತ್ರ ಹಸ್ತಪ್ರತಿ ಪರಂಪರೆಯಲ್ಲಿ ಇಡಿಯಾಗಿ ಉಳಿದವು. ಹದಿಮೂರನೆಯ ಶತಮಾನದ ಆರಂಭದಲ್ಲಿ ಅಥೆನ್ಸಿನ ಧರ್ಮಾಧ್ಯಕ್ಷ ಮೈಕೇಲ್ ಕೋನಿಯಾಟಿಸನ ಬಳಿ ಹೆಕಲೆಯ ಪ್ರತಿಯಿತ್ತು. ೧೨೦೪ರಲ್ಲಿ ಕಾನ್‌ಸ್ಟಾಂಟಿನೋಪಲ್ಲನ್ನು ಲೂಟಿ ಮಾಡಿದ ಕ್ರುಸೇಡಿನ ಯೋಧರು ಅಥೆನ್ಸನ್ನೂ ಹಿಡಿದ ಮೇಲೆ ಅದರ ಸುಳಿವಿಲ್ಲ.

ಮರಳಿ ಬಂದದ್ದು ಕಸದಿಂದ. ೧೮೯೬ರಿಂದ ಗ್ರೆನ್‌ಫೆಲ್ ಮತ್ತು ಹಂಟ್ ಈಜಿಪ್ಟಿನ ಆಕ್ಸಿರಿಂಕಸ್ ಊರಿನ ತಿಪ್ಪೆಗಳನ್ನು ಅಗೆದಾಗ ಪಪೈರಸ್ ಚೂರುಗಳು ರಾಶಿರಾಶಿಯಾಗಿ ಹೊರಬಂದವು. ಐಟಿಯದ ಪೀಠಿಕೆ ಅಲ್ಲಿಂದ ದೊರೆತು ೧೯೨೭ರಲ್ಲಿ ಪ್ರಕಟವಾಯಿತು. ಬೆರೆನೀಕೆಯ ಮುಡಿಯ ಗ್ರೀಕ್ ಮೂಲದ ಭಾಗ ೧೯೨೯ರಲ್ಲಿ, ಕಾವ್ಯಗಳ ಗದ್ಯಸಾರವುಳ್ಳ ಸುರುಳಿ ೧೯೩೪ರಲ್ಲಿ ಬೆಳಕು ಕಂಡವು. ೧೯೭೦ರ ದಶಕದಲ್ಲಿ ಶವದ ಹೊದಿಕೆಗೆ ಬಳಸಿದ್ದ ರದ್ದಿ ಹಾಳೆಗಳಿಂದ ಇನ್ನೊಂದು ಭಾಗ ಹೊರಬಂತು. ಈ ಚೂರುಗಳನ್ನೆಲ್ಲ ಒಂದುಗೂಡಿಸಿದವರು ಜರ್ಮನಿಯ ರುಡಾಲ್ಫ್ ಫೈಫರ್. ಪತ್ನಿ ಯಹೂದಿ ಮೂಲದವರೆಂಬ ಕಾರಣಕ್ಕೆ ನಾಜಿ ಆಡಳಿತ ೧೯೩೭ರಲ್ಲಿ ಅವರನ್ನು ಮ್ಯೂನಿಕ್ ವಿಶ್ವವಿದ್ಯಾಲಯದಿಂದ ಹೊರದಬ್ಬಿತು. ಆಕ್ಸ್‌ಫರ್ಡಿನಲ್ಲಿ ನಿರಾಶ್ರಿತರಾಗಿ ನೆಲೆಸಿ ದುಡಿದ ಅವರ ಸಂಪಾದನೆಯ ಎರಡು ಸಂಪುಟಗಳು ೧೯೪೯ ಮತ್ತು ೧೯೫೩ರಲ್ಲಿ ಹೊರಬಂದವು. ಒಣಪಾಂಡಿತ್ಯವೆಂದು ನಗುವವರು ಈ ಮನುಷ್ಯ ಯಾವ ಕಾಲದಲ್ಲಿ ಯಾವ ಚೂರುಗಳನ್ನು ಜೋಡಿಸುತ್ತ ಕುಳಿತಿದ್ದರೆಂದು ಒಂದು ಕ್ಷಣ ಯೋಚಿಸಲಿ.

ಆಕ್ಸಿರಿಂಕಸ್ ಎಂಬ ಹೆಸರು ಕನ್ನಡಿಗರಿಗೆ ಅಪರಿಚಿತವಲ್ಲ. ಅದೇ ತಿಪ್ಪೆಯಲ್ಲಿ ದೊರೆತು ೧೯೦೩ರಲ್ಲಿ ಪ್ರಕಟವಾದ ೪೧೩ನೆಯ ಪಪೈರಸ್ಸಿನಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಅದರಲ್ಲಿನ ಭಾರತೀಯ ಪಾತ್ರಗಳ ಮಾತು ಕನ್ನಡವೆಂದು ೧೯೦೪ರಲ್ಲಿ ಹುಲ್ಟ್‌ಷ್ ಸೂಚಿಸಿದರು. ೧೯೨೬ರಲ್ಲಿ ಬಾರ್ನೆಟ್ ಅದನ್ನು ಅಲ್ಲಗಳೆದರು. ತುಳುವೆಂದು ಹೇಳುವವರೂ ಇದ್ದಾರೆ. ಚರ್ಚೆ ನಡೆಯಲಿ. ನನ್ನ ಆಕ್ಷೇಪ ಬೇರೆ. ಒಂದು ಇಡೀ ನಾಗರಿಕತೆ ಹೂತುಹೋಗಿದ್ದ ಆ ತಿಪ್ಪೆಯ ಬಳಿಗೆ ನಾವು ಹೋದದ್ದು ನಮ್ಮ ಹೆಸರಿದೆಯೇ ಎಂದು ನೋಡಲು ಮಾತ್ರ. ಇದೆಯೆಂದು ಯಾರೋ ಅಂದರು, ನಮಗೆ ರೋಮಾಂಚನವಾಯಿತು, ಹಿಂದಿರುಗಿದೆವು. ಪಕ್ಕದಲ್ಲಿ ಬಿದ್ದಿದ್ದ ಕ್ಯಾಲಿಮಾಕಸ್ಸನನ್ನು ಎತ್ತಿ ನೋಡಲಿಲ್ಲ. ಇದನ್ನು ಭಾಷಾಭಿಮಾನವೆನ್ನಲು ನನಗೆ ನಾಲಿಗೆ ಬಾರದು. ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವುದನ್ನು ಲೋಕಸಂಚಾರವೆಂದು ಕರೆದಂತಾಯಿತು.

೮

ಹೊರನಾಡ ಕನ್ನಡಿಗರಾದ ನಮಗೆ ಈತ ವಿಶೇಷವಾಗಿ ಬೇಕಾದವನು. ಅಲೆಕ್ಸಾಂಡ್ರಿಯ ಕ್ರಿ.ಪೂ. ೩೩೧ರಲ್ಲಿ ಸ್ಥಾಪಿತವಾದ ಹೊಸ ಊರು. ಅಲ್ಲಿದ್ದ ಗ್ರೀಕರೆಲ್ಲ ಒಂದು ಲೆಕ್ಕದಲ್ಲಿ ಹೊರನಾಡಿಗರೇ. ಐಟಿಯದ ಒಂದು ಪ್ರಸಂಗ ನಮ್ಮನ್ನೇ ಕುರಿತಂತಿದೆ. ಈಜಿಪ್ಟಿನಲ್ಲಿ ನೆಲೆಸಿದ ಪೊಲಿಸ್ ಎಂಬ ಅಥೆನ್ಸಿನವನು ತನ್ನ ಊರಿನ ಹಬ್ಬಗಳನ್ನು ವರ್ಷವರ್ಷವೂ ತಪ್ಪದೆ ಆಚರಿಸಿ ಗೆಳೆಯರನ್ನು ಊಟಕ್ಕೆ ಕರೆಯುತ್ತಾನೆ. ನಮ್ಮ ಯುಗಾದಿ ಮತ್ತು ರಾಜ್ಯೋತ್ಸವಗಳೇ ಅವು! ಆ ಊಟದಲ್ಲಿ ಕವಿಯ ಪಕ್ಕದಲ್ಲಿ ಐಕೊಸ್ ಎಂಬ ಪುಟ್ಟ ದ್ವೀಪದವನೊಬ್ಬ ಕುಳಿತಿದ್ದಾನೆ. ಕವಿ ಹೆಚ್ಚು ಕುಡಿಯದೆ, ತನ್ನ ಸೈರೀನಿನ ಹಿರಿಮೆಯನ್ನೂ ಕೊಚ್ಚದೆ, ‘ನಿಮ್ಮ ದ್ವೀಪದಲ್ಲಿ ಪೀಲಿಯಸ್ಸನನ್ನು ಏಕೆ ಪೂಜಿಸುತ್ತಾರೆ?’ ಎಂಬ ಧಾಟಿಯ ಪ್ರಶ್ನೆ ಕೇಳಿ ಕಿವಿಗೊಡುತ್ತಾನೆ. ಹಬ್ಬವನ್ನು ಪೊಲಿಸ್ ಮಾಡಿದ. ಆ ಹಬ್ಬ ಉಳಿದದ್ದು ಪಕ್ಕದಲ್ಲಿ ಕುಳಿತು ಕೇಳಿ ಬರೆದುಕೊಂಡವನಿಂದ. ನಮ್ಮ ಸಂಘಗಳಲ್ಲಿ ಪೊಲಿಸರು ಧಾರಾಳವಾಗಿದ್ದಾರೆ. ಬರೆದುಕೊಳ್ಳುವವರು ಎಲ್ಲಿ?

ಊರಿನಲ್ಲೇ ಇರುವವನಿಗೆ ಪಟ್ಟಿ ಬೇಕಾಗುವುದಿಲ್ಲ. ಕೇಳಲು ಅಜ್ಜಿಯಿದ್ದಾಳೆ, ನೆರೆಯವರಿದ್ದಾರೆ. ಊರು ಬಿಟ್ಟವನಿಗೆ ಪಟ್ಟಿಯೇ ಊರು. ಗ್ರೀಕ್ ಸಾಹಿತ್ಯದ ಮೊದಲ ಸಮಗ್ರ ಸೂಚಿ ಅಥೆನ್ಸಿನಲ್ಲಿ ಹುಟ್ಟದೆ ಆಫ್ರಿಕದ ದಂಡೆಯಲ್ಲಿ ಹುಟ್ಟಿದ್ದು ಆಕಸ್ಮಿಕವಾಗಿರಲಾರದು. ಕನ್ನಡಕ್ಕೆ ಅಂಥ ಕೆಲಸವನ್ನು ಆರ್. ನರಸಿಂಹಾಚಾರ್ಯರು ಮಾಡಿದರು. ೧೯೦೭, ೧೯೧೯, ೧೯೨೯ರಲ್ಲಿ ಪ್ರಕಟವಾದ ‘ಕರ್ಣಾಟಕ ಕವಿಚರಿತೆ’ಯ ಮೂರು ಸಂಪುಟಗಳಲ್ಲಿ ಕವಿಯ ಕಾಲ, ಸ್ಥಳ, ಆಶ್ರಯ, ಗ್ರಂಥಗಳು ಎಂಬ ಕ್ರಮವೇ ಇದೆ. ಅವರೂ ಸರಕಾರಿ ಅಧಿಕಾರಿ. ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ಮುಖ್ಯಸ್ಥರು. ಆ ಮೂರು ಸಂಪುಟಗಳಿಲ್ಲದಿದ್ದರೆ ಇಪ್ಪತ್ತನೆಯ ಶತಮಾನದ ಕನ್ನಡ ಸಾಹಿತ್ಯ ಚರಿತ್ರೆಗಳು ಯಾವ ನೆಲದ ಮೇಲೆ ನಿಲ್ಲುತ್ತಿದ್ದವು?

ಹೊರನಾಡಿನ ಕನ್ನಡಕ್ಕೆ ಕವಿಚರಿತೆ ಇಲ್ಲ. ಮುಂಬಯಿ, ಪುಣೆ, ಮದರಾಸು, ಹೈದರಾಬಾದು, ದೆಹಲಿಗಳ ಸಂಘಗಳು ದಶಕಗಳಿಂದ ಅಚ್ಚು ಹಾಕಿಸಿದ ಸ್ಮರಣಸಂಚಿಕೆಗಳು, ನಾಟಕದ ಹಸ್ತಪ್ರತಿಗಳು, ಕೈಬರಹದ ಪತ್ರಿಕೆಗಳು ಬೀರುಗಳಲ್ಲಿ ಗೆದ್ದಲಿಗೆ ಆಹಾರವಾಗುತ್ತಿವೆ. ಕಟ್ಟಡಕ್ಕೆ ಸುಣ್ಣಬಣ್ಣ ಮಾಡಿಸುವ ಮುನ್ನ ‘ಹಳೆಯ ಕಾಗದ’ವನ್ನು ತೂಕಕ್ಕೆ ಹಾಕುವುದೂ ನಡೆದಿದೆ. ಇದನ್ನು ಹೇಳಿದರೆ, ಎಲ್ಲವನ್ನೂ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿಬಿಡೋಣವೆಂಬ ಉತ್ತರ ಸಿದ್ಧವಾಗಿರುತ್ತದೆ. ಹಾಕಿ, ಆದರೆ ಹೆಸರಿಲ್ಲದ, ಕ್ರಮವಿಲ್ಲದ ಸಾವಿರ ಚಿತ್ರಗಳು ಇನ್ನೊಂದು ಆಕ್ಸಿರಿಂಕಸ್ಸೇ ಹೊರತು ಗ್ರಂಥಭಂಡಾರವಲ್ಲ. ಮೂರು ದಶಕ ಕಡತಗಳ ನಡುವೆ ಬದುಕಿದ ಅನುಭವದಿಂದ ಹೇಳುತ್ತೇನೆ: ಸೂಚಿಯಲ್ಲಿ ಸೇರದ ಕಡತಕ್ಕೂ ಸುಟ್ಟ ಕಡತಕ್ಕೂ ವ್ಯತ್ಯಾಸವಿಲ್ಲ.

ಆದ್ದರಿಂದ ನನ್ನ ಬೇಡಿಕೆ ಸರಳ. ಮುಂದಿನ ಒಂದು ವರ್ಷ ಪ್ರತಿ ಸಂಘವೂ ಒಂದು ಅದ್ದೂರಿ ಕಾರ್ಯಕ್ರಮವನ್ನು ಕೈಬಿಡಲಿ. ಆ ಹಣದಿಂದ, ಕನ್ನಡ ಓದಬಲ್ಲ ಇಬ್ಬರು ತರುಣರನ್ನು ಬೀರುಗಳ ಮುಂದೆ ಕೂರಿಸಲಿ. ಒಂದೊಂದು ಪ್ರಕಟಣೆಗೂ ಒಂದೊಂದು ಚೀಟಿ: ಬರೆದವರ ಹೆಸರು, ಅವರ ಹುಟ್ಟೂರು, ಕೃತಿಯ ಹೆಸರು, ಅಚ್ಚಾದ ವರ್ಷ, ಮೊದಲ ಸಾಲು, ಪುಟಸಂಖ್ಯೆ, ಪ್ರತಿ ಈಗಿರುವ ಜಾಗ. ಅಡುಗೆಪುಸ್ತಕವಾದರೂ ಬಿಡಬಾರದು, ಅಧ್ಯಕ್ಷರ ಕವನವಾದರೂ ಮುಂದಕ್ಕೆ ತಳ್ಳಬಾರದು. ಎಲ್ಲ ಸಂಘಗಳ ಚೀಟಿಗಳು ಒಂದೆಡೆ ಸೇರಿದರೆ ಅದೇ ಹೊರನಾಡ ಕವಿಚರಿತೆಯ ಮೊದಲ ಸಂಪುಟ. ಈ ಕೆಲಸಕ್ಕೆ ಶಾಲು ಹಾರಗಳು ದೊರೆಯುವುದಿಲ್ಲ. ಕ್ಯಾಲಿಮಾಕಸ್ಸನಿಗೂ ಕುರ್ಚಿ ದೊರೆಯಲಿಲ್ಲ. ಅದನ್ನು ಮಾಡಲು ಒಪ್ಪದವರು ಕನ್ನಡದ ಉಳಿವಿನ ಬಗ್ಗೆ ಭಾಷಣ ಮಾಡಬಾರದೆಂಬ ನಿಯಮವೊಂದನ್ನು ನಮ್ಮ ಸಂಘಗಳು ತಮ್ಮ ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಅಂಗೀಕರಿಸಲಿ.